ಪುಟಕ್ಕೊಂದು ಸೂರ್ಯ

ಅಷ್ಟೇನಾ? ಇಷ್ಟಕ್ಕೇ ಏರು ಹತ್ತಿ ಓಡ್ಕೊಂಡು ಬಂದ್ಯಾ? ಅಯ್ಯೋ ನೆವೇನಾ, ನೀನು ಬಾಗಿಲು ದಬದಬ ಬಡಿದ ರಭಸಕ್ಕೆ ನಿಮ್ಮಮ್ಮನಿಗೇ ಏನೋ ಆಯ್ತು ಅಂತ ನನ್ನೆದೆ ಝಲ್ ಅಂತು! ಮಗು ಹೊಸ ಪುಸ್ತಕ ಕೈಲಿ ಹಿಡ್ಕೊಂಡು ಹಳೇ ಪಾಠ ಹೇಳಿದ್ಲು... ಅಷ್ಟೇ ತಾನೇ? ಕೂತ್ಕೋ. ಮೊದ್ಲು ಕೂತ್ಕೋ. ಅದಲ್ಲ! ಆ ಕುರ್ಚಿ ಕಾಲು ಸಡ್ಲ, ಬಿದ್ದೀಯ. ಒಲೆ ಪಕ್ಕದ್ದು ಎಳ್ಕೋ... ಹ್ಞಾಂ, ಅದೇ.

ಇಲ್ಲ ಇಲ್ಲ, ನನಗೆ ಅರ್ಥ ಆಯ್ತು, ಇನ್ನೊಂದ್ಸಲ ಹೇಳ್ಬೇಡ. ಈಸ್ಟರ್‌ಗೆ ಬರ್ತಾ ದಾರೀಲಿ ಪ್ಲೊವ್ದಿವ್ ಪೇಟೇಲಿ ಇಳಿದೆ. ಮಗಳಿಗೆ ಅಂತ ಕರಡಿ ಕತೆ ಪುಸ್ತಕ ತಗೊಂಡೆ. ನಿನ್ನೆ ಸಂಜೆ ರಾಲಿತ್ಸಾನ ತೊಡೆ ಮೇಲೆ ಕೂರಿಸ್ಕೊಂಡು ‘ಓದು ಪುಟ್ಟಿ’ ಅಂದೆ. ಅವಳು ಬೆರಳಿಟ್ಟು, ಪುಟ ತಿರುಗಿಸ್ತಾ, ರಾಗವಾಗಿ ಓದಿದ್ಲು. ಪುಸ್ತಕದಲ್ಲಿರೋದು ಕರಡಿ, ಅವಳ ಬಾಯಲ್ಲಿ ಬಂದಿದ್ದು ಕೋಳಿ! ನಮ್ಮ ಒಂದನೇ ಕ್ಲಾಸಿನ ಕೋಳಿ ಪಾಠ. ಹಹ್ಹಹ್ಹ! ...ಯಾಕೆ, ನಗಬಾರದಾ? ನನಗಂತೂ ನಗು ಬರುತ್ತಪ್ಪ. ಎರಡು ವರ್ಷ ಆದ್ಮೇಲೆ ಅಮ್ಮ ಬಂದಿದ್ದಾಳೆ, ಅಮ್ಮನ ತೊಡೆ ಮೇಲೆ ಕೂತಿದ್ದಾಳೆ. ಬಾಯಿಗೆ ಬಂದಿದ್ದು ಹೇಳಿದಾಳೆ. ನೀನೇನು ಕಮ್ಮಿ ಇದ್ಯಾ? ಎರಡನೇ ಕ್ಲಾಸಲ್ಲಿ ಇನ್‌ಸ್ಪೆಕ್ಟರ್ ‘ಏಳೇಳ್ಲಿ ಎಷ್ಟಮ್ಮ’ ಅಂತ ಕೇಳಿದ್ದಕ್ಕೆ ನಿಂತಲ್ಲೇ ಲಂಗ... ಆಯ್ತು, ಆಯ್ತು, ಹೇಳಲ್ಲ ಬಿಡು!

ಕಾಫಿ ತಗೋ. ಲೋಟದೊಳಗೆ ಬೆರಳು ಅದ್ದಿದೆ ಅಂತ ಹೇಸ್ಕೋಬೇಡ, ಎಲ್ಲೀವರೆಗೆ ತುಂಬಿತು ಅಂತ... ಬಿಸಿ ಇದೆಯಾ ಅಂತ ನೋಡಿದೆ ಅಷ್ಟೇ. ಮುದುಕಿಯರ ಚಾಳಿ. ನೋಡು, ಆ ಇಟಲಿ ದೇಶ ನಿನಗೆ ಒಗ್ಗಿದೆ ಕಣೇ, ಚೆನ್ನಾಗಿ ಮೈಕೈ ತುಂಬ್ಕೊಂಡಿದೀಯ... ಯಾಕೆ ನಗ್ತೀಯ? ಏನಂದೆ? ಹನ್ನೊಂದು ಕಿಲೋ ಇಳಿದಿದೀಯಾ? ...ಹೌದಾ. ಹಾಗಾದ್ರೆ ನಿನ್ನ ದನಿ ತುಂಬ್ಕೊಂಡಿದೆ. ದನಿ ನೋಡಿ ಹೇಳಿದೆ. ಬಿಡು.

ರಾಲಿತ್ಸಾ ಎಲ್ಲಿ? ಅಂಗಳದಲ್ಲೇ ಇದಾಳೆ ಅಲ್ವಾ? ಚೆಂಡಿನ ಸದ್ದು ಕೇಳ್ತಿದೆ. ಮಿಕ್ಕ ಮೂವರೂ ಇದಾರೆ. ಸ್ಕೂಲ್ ಬಿಟ್ಟು ಗಂಟೆ ಆದ್ರೂ ಮನೆಗೆ ಹೋಗಲ್ಲ ಅವು, ಮನೇಲಿ ಏನಿದೆ ಹೇಳು, ಅಜ್ಜಿ ಮತ್ತೆ ಟೀವಿ. ಇಲ್ಲಾದ್ರೆ ನಾನು ಬೈತೀನಿ, ಹೊತ್ತು ಹೋಗುತ್ತೆ.

ಏನು ಕಲಿಸ್ತೀರಿ ಅಂತ ಕೇಳ್ತೀಯಾ? ನನ್ನನ್ನಾ? ಸ್ಟೋಯ್ನಾ ಟೀಚರ್‌ನ? ಹೆಣ್ಣೇ, ನಿನ್ನ ಕೈಗೆ ಪೆನ್ಸಿಲ್ ಕೊಟ್ಟೋಳು ನಾನು! ನಿನ್ನ ಅಣ್ಣನಿಗೆ, ನಿನ್ನ ಚಿಕ್ಕಪ್ಪನಿಗೆ, ಈಗ ಮೇಯರ್ ಅಂತ ಮೀಸೆ ತಿರುವ್ಕೊಂಡು ಓಡಾಡ್ತಾನಲ್ಲ ಆ ಮನುಷ್ಯನಿಗೂ ಮೂಗು ಒರೆಸಿ ಅಕ್ಷರ ಕಲಿಸಿದೋಳು. ಮೂವತ್ತೊಂಬತ್ತು ವರ್ಷ, ಇದೇ ಕೋಣೆ. ನಿನಗೆ ಹೇಗೆ ಕಲಿಸಿದೆನೋ ಹಾಗೇ ನಿನ್ನ ಮಗಳಿಗೂ. ಒಂದನೇ ಕ್ಲಾಸಿಗೆ ಬಂದ ಕೂಡ್ಲೇ ಅಕ್ಷರ ಅಲ್ಲ, ಮೊದ್ಲು ಕಡ್ಡಿ. ನಿಂತ ಕಡ್ಡಿ, ಓರೆ ಕಡ್ಡಿ. ಆಮೇಲೆ ಕೊಕ್ಕೆ. ಒಂದು ಪುಟ ಪೂರ್ತಿ ಕೊಕ್ಕೆ, ಬೇಲಿ ಹಾಕಿದ ಹಾಗೆ ಸಾಲಾಗಿ ಇರ್ಬೇಕು. ಆಮೇಲೆ ಅಕ್ಷರ, ವಾರಕ್ಕೆರಡು. ಬೀನ್ಸ್ ಕಾಳು ಹತ್ತತ್ತು ಗುಡ್ಡೆ ಮಾಡಿ ಲೆಕ್ಕ. ಎದ್ದು ನಿಂತು ‘ನಮಸ್ಕಾರ’ ಹೇಳೋದು, ಒಲೆಗೆ ಸೌದೆ ಜೋಡಿಸೋದು, ಒಬ್ಬರು ಓದೋವಾಗ ಇನ್ನೊಬ್ಬರು ತುಟಿ ಅಲ್ಲಾಡಿಸದೇ ಇರೋದು. ಇದು ಕಲಿಕೆ ಅಲ್ವಾ? ನಾಲ್ಕೇ ಮಕ್ಕಳು. ಕಿರಿಯವನು ಅಸೆನ್ ಒಂದನೇದು, ಅವನಣ್ಣ ಕಾಮೆನ್ ಮೂರನೇದು, ನಿನ್ನ ಮಗಳೂ ಆ ಸೆವ್ದಾನೂ ಎರಡನೇದು. ಮೂರು ಕ್ಲಾಸು ಒಂದೇ ಕೋಣೇಲಿ. ಬಂದು ನಡೆಸಿ ನೋಡಲಿ, ಯಾರಾದ್ರೂ!

ಏನು? ...ಮತ್ತೆ ತಲೆ ಆಡಿಸ್ತಿದೀಯಾ? ಬಾಯಿ ಬಿಟ್ಟು ಹೇಳು. ಇಟಲಿಯವರು ಹೌದು ಅನ್ನೋಕೆ ತಲೆ ಮೇಲೆ ಕೆಳಗೆ ಮಾಡ್ತಾರಂತೆ, ಈ ದೇಶದೋರು ನಾವು ಅಡ್ಡಡ್ಡ ಆಡಿಸ್ತೀವಿ. ನೀನೀಗ ಯಾವ ಕಡೆಯವಳೋ ನನಗೇನು ಗೊತ್ತು? ಕ್ಲಾಸಲ್ಲೂ ಅದೇ ರೂಲ್ಸು ಮಾಡಿಟ್ಟಿದೀನಿ, ತಲೆ ಆಡಿಸೋ ಉತ್ತರ ನಡೆಯಲ್ಲ. ‘ಹೌದು ಟೀಚರ್’, ‘ಇಲ್ಲ ಟೀಚರ್’, ಗಟ್ಟಿಯಾಗಿ! ತಮ್ಮ ಹೆಸರು ಹೇಳಿ ಉತ್ತರ ಹೇಳ್ಬೇಕು. ಶಿಸ್ತು ಅಂದ್ರೆ ಅದು.

ಹಬ್ಬದ ವಿಡಿಯೋ ನೋಡಿದ್ಯಲ್ಲ? ನಮ್ಮ ಅಕ್ಷರ ಹಬ್ಬ! ನಿನಗೆ ಜ್ಞಾಪಕ ಇರ್ಬೇಕು, ನಿನ್ನ ಕಾಲಕ್ಕೆ ಮೂವತ್ತು ಅಕ್ಷರಕ್ಕೆ ಮೂವತ್ತು ಮಕ್ಕಳು, ತಲೆಗೆ ರಟ್ಟಿನ ಕಿರೀಟ, ಒಬ್ಬೊಬ್ಬರಿಗೆ ಒಂದೊಂದು ಅಕ್ಷರ. ಈಗ ಇವಿಷ್ಟೇ. ಒಬ್ಬೊಬ್ಬರು ಏಳೆಂಟು ಅಕ್ಷರ ಹೊರ್ಬೇಕು. ಕಿರೀಟ ಬಿಚ್ಚು, ಇನ್ನೊಂದು ಹಾಕು, ಪದ್ಯ ಹೇಳು, ಮತ್ತೆ ಬಿಚ್ಚು! ನಿನ್ನ ಮಗಳು ಎಂಟು ಪದ್ಯ ಒಂದೂ ತಪ್ಪಿಲ್ಲದೆ ಹೇಳಿದ್ಲು. ಮೇಯರ್ ಕರ್ಚೀಫ್ ತೆಗೆದು ಮೂಗು ಒರೆಸ್ಕೊಂಡ. ನಿಮ್ಮಮ್ಮ ಕೇರಾ ಅತ್ತೇ ಬಿಟ್ಲು.

...ತಲೆಕೆಳಗಾ? ಯಾವುದು ತಲೆಕೆಳಗು? ಕಿರೀಟದ ಅಕ್ಷರಾನಾ? ಯಾರಂದ್ರು? ನೀನೇ ವಿಡಿಯೋದಲ್ಲಿ ನೋಡಿದ್ಯಾ. ...ಮೂರಾ? ಮೂರು ಅಕ್ಷರ ತಲೆಕೆಳಗಿತ್ತಾ? ...ಅವಸರ ಕಣೇ. ಬಿಚ್ಚಿ ಹಾಕೋ ಅವಸರದಲ್ಲಿ... ಅಲ್ಲ, ಅಲ್ಲಿ ಅರವತ್ತು ಜನ ಕೂತಿದ್ರು, ಒಬ್ಬರಾದ್ರೂ ಹೇಳ್ಬಾರದಾ? ಒಬ್ಬರೂ ತುಟಿ ಪಿಟಕ್ ಅನ್ಲಿಲ್ಲ! ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು... ನಾನು ಹಿಂದೆ ನಿಂತಿದ್ದೆ, ನನಗೆ ಬರೀ ಬೆನ್ನು ಕಾಣ್ತಿತ್ತು.

ಬೇರೆ ಮಾತಾಡು. ನಿನ್ನ ಊರು ತೋರಿಸು, ಸಲೆರ್ನೋ ಅಲ್ವಾ? ಫೋನಲ್ಲಿ ಇರುತ್ತಲ್ಲ ಫೋಟೋ? ಕೊಡಿಲ್ಲಿ... ಆಹಾ! ಆಹಾಹಾ! ಎಷ್ಟು ಚಂದ ಇದೆಯೇ ಸಮುದ್ರ! ನೀಲಿ ಅಂದ್ರೆ ನೀಲಿ!

...ಏನು?

...ಮುದುಕನಾ? ನೀನು ನೋಡ್ಕೊಳ್ಳೋ ಮುದುಕಪ್ಪನಾ? ಹ್ಞಾಂ ಹ್ಞಾಂ, ಅವನ ಹಿಂದೆ ಕಾಣ್ತಿದೆಯಲ್ಲ, ಅದನ್ನ ಹೇಳಿದೆ... ಅಡುಗೆಮನೆನಾ. ಓ. ಈ ಫೋನಿನ ಗಾಜು ಕಣೇ, ಫಳಫಳ ಅಂತ ಹೊಳೆದು ಒಂದೂ ಸರಿಯಾಗಿ... ಕಿಟಕಿ ಬೆಳಕು ಬೇರೆ. ಚಳಿಗಾಲದ ಹೊಗೆ ಗಾಜಿನ ಮೇಲೆ ಹಾಗೇ ಕೂತಿದೆ, ತೊಳೀಬೇಕು ತೊಳೀಬೇಕು ಅಂತ ಅಂದ್ಕೊಳ್ಳೋದೇ ಆಯ್ತು.

ತಗೋ ನಿನ್ನ ಫೋನು.

ನೆವೇನಾ, ನೀನು ಯಾಕೆ ಬಂದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿಮ್ಮಮ್ಮ ನಿನ್ನೆ ಅಂಗಡೀಲಿ ಬಾಯಿ ಬಿಟ್ಟಿದಾಳೆ. ಭಾನುವಾರದ ಬಸ್ಸಿಗೆ ರಾಲಿತ್ಸಾನ ಕರ್ಕೊಂಡು ಹೋಗ್ತೀಯಂತೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೂರನೇ ಕ್ಲಾಸಿಗೆ ಸೇರಿಸ್ತೀಯಂತೆ. ಕರ್ಕೊಂಡು ಹೋಗು, ತಾಯಿ ನೀನು, ನಾನ್ಯಾರು ಬೇಡ ಅನ್ನೋಕೆ? ಆದ್ರೆ ಒಂದು ಮಾತು ಹೇಳ್ತೀನಿ, ಆಮೇಲೆ ಬೈಯಿ ಬೇಕಾದ್ರೆ. ನಾಲ್ಕು ಮಕ್ಕಳಿದ್ರೆ ಈ ಕೋಣೆ, ಮೂರಾದ್ರೆ ಬೀಗ. ಮೇಯರ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದಾನೆ. ಆಮೇಲೆ ಆ ಮೂರೂ ಬೆಳಿಗ್ಗೆ ಆರಕ್ಕೆ ಎದ್ದು ಕಣಿವೆ ದಾಟಿ ಪಟ್ಟಣಕ್ಕೆ ಹೋಗ್ಬೇಕು. ಹಿಮ ಬಿದ್ರೆ ಬಸ್ಸೇ ಬರಲ್ಲ. ಅಸೆನ್‌ಗೆ ಬಸ್ ಹತ್ತಿದ್ರೆ ವಾಂತಿ. ಸೆವ್ದಾಗೆ ಇರೋದು ಒಬ್ಬಳು ಅಜ್ಜಿ, ಅವಳ ಕಾಲು ಊದಿ ಕಂಬ ಆಗಿದೆ, ಯಾರು ಕರ್ಕೊಂಡು ಹೋಗಿ ಬಸ್ ಹತ್ತಿಸ್ತಾರೆ ಅವಳನ್ನ?

ನನಗೋಸ್ಕರ ಕೇಳ್ತಿಲ್ಲ ಕಣೇ. ...ಸುಳ್ಳು ಯಾಕೆ, ನನಗೋಸ್ಕರಾನೂ ಕೇಳ್ತಿದೀನಿ. ಈ ಕೋಣೆ ಬಿಟ್ರೆ ನನಗೆ ಏನಿದೆ? ಇಲ್ಲಿ ಯಾವ ಮೊಳೆ ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು. ಇಲ್ಲಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ, ಬಾಗಿಲಿಂದ ಬಾವಿಗೆ ಮೂವತ್ತಾರು. ಒಂದೇ ಒಂದು ವರ್ಷ ಬಿಡು ಅವಳನ್ನ. ಕಾಮೆನ್ ನಾಲ್ಕನೇದು ಮುಗಿಸ್ಲಿ. ಅಷ್ಟರಲ್ಲಿ ಯಾರೋ ಚಿಕ್ಕ ವಯಸ್ಸಿನೋರನ್ನ ಕಳಿಸಬಹುದು. ...ಹೌದಮ್ಮಾ, ನನಗೂ ಗೊತ್ತು ಯಾರೂ ಬರಲ್ಲ ಅಂತ. ಆದ್ರೂ.

ಏನದು ಸರಸರ? ಚೀಲದಿಂದ ಏನು ತೆಗೆದೆ? ...ನೋಟ್‌ಬುಕ್ಕಾ! ರಾಲಿತ್ಸಾಳದ್ದು? ಮೊದ್ಲೇ ಇದನ್ನ ತೆಗೀಬಾರದಿತ್ತಾ, ಹುಚ್ಚಿ! ಇದನ್ನ ಬ್ಯಾಗಲ್ಲಿ ಇಟ್ಕೊಂಡು ಕರಡಿ ಕೋಳಿ ಅಂತ ನನ್ನ ಪ್ರಾಣ ತಿಂದ್ಯಲ್ಲ! ಕೊಡು. ಇಲ್ಲಿ, ಮೇಜಿನ ಮೇಲೆ ಇಡು. ಮಂಗಳವಾರ ಮಂಗಳವಾರ ‘ನನ್ನ ಮನೆ’ ಅಂತ ಬರೆಸ್ತೀನಿ ಎರಡನೇ ಕ್ಲಾಸಿಗೆ. ಬರೆದು, ನನ್ನ ಮೇಜಿನ ಹತ್ರ ಬಂದು ನಿಂತು, ಗಟ್ಟಿಯಾಗಿ ಓದ್ಬೇಕು. ನೀನು ಎರಡನೇ ಕ್ಲಾಸಲ್ಲಿ ಬರೀತಿದ್ದೆಯಲ್ಲ, ‘ನಮ್ಮ ಮನೆ ಇದೆ. ಮನೆಗೆ ಬಾಗಿಲು ಇದೆ. ಬೆಕ್ಕು ಇದೆ’, ಆ ತರ ಅಲ್ಲ ನಿನ್ನ ಮಗಳದ್ದು!

ಇಲ್ಲಿ ನೋಡು. ಮೊದಲನೇ ಪುಟ. ಕೇಳು, ಓದ್ತೀನಿ. ‘ನನ್ನ ಅಮ್ಮ ನಿಂಬೆಹಣ್ಣಿನ ಊರಲ್ಲಿ ಇದ್ದಾಳೆ. ಅಲ್ಲಿ ನಿಂಬೆಹಣ್ಣು ನನ್ನ ತಲೆಯಷ್ಟು ದಪ್ಪ. ಅಮ್ಮ ಒಬ್ಬ ತಾತನಿಗೆ ಸೂಪು ಕುಡಿಸ್ತಾಳೆ. ತಾತ ಅವಳನ್ನ ಬೇರೆ ಯಾರದೋ ಹೆಸರಿಂದ ಕರೀತಾನೆ. ಅಮ್ಮ ಹ್ಞೂಂ ಅಂತಾಳೆ.’ ಕೇಳಿದ್ಯಾ? ಎಂಟು ವರ್ಷದ ಮಗು! ಆ ‘ಹ್ಞೂಂ ಅಂತಾಳೆ’ ಅನ್ನೋದು ಯಾರಿಗೆ ಹೊಳೆಯುತ್ತೆ ಹೇಳು? ಇಗೋ ಕೆಳಗಡೆ, ಮೂಲೇಲಿ, ನನ್ನ ಸೂರ್ಯ. ಒಂದನೇ, ಎರಡನೇ ಕ್ಲಾಸಿಗೆ ನಾನು ಅಂಕ ಕೊಡಲ್ಲ, ಚೆನ್ನಾಗಿ ಬರೆದ್ರೆ ಸೂರ್ಯನ ಮುದ್ರೆ ಒತ್ತೋದು. ಸುಮ್ಮಸುಮ್ಮನೆ ಒತ್ತೋಳಲ್ಲ ನಾನು. ನೀನು ಒಂದು ವರ್ಷ ಪೂರ್ತಿ ಕಾದೆ ಒಂದು ಸೂರ್ಯನಿಗೆ!

ಮುಂದಿನ ಪುಟ. ಇದು... ಇದು ಮಾರ್ಚ್‌ದು. ‘ಅಮ್ಮ ಫೋನ್ ಮಾಡೋವಾಗ ಬಚ್ಚಲು ಮನೇಲಿ ಇರ್ತಾಳೆ. ನೀರು ಬಿಟ್ಟಿರ್ತಾಳೆ. ನೀರಿನ ಸದ್ದಲ್ಲಿ ಅಳೋದು ಕೇಳಲ್ಲ ಅಂತ ಅವಳು ಅಂದ್ಕೊಂಡಿದಾಳೆ. ಅಜ್ಜಿಗೆ ಕೇಳಲ್ಲ. ನನಗೆ ಕೇಳುತ್ತೆ.’ ...ಇದಕ್ಕೂ ಸೂರ್ಯ. ಇದಕ್ಕೆ ಎರಡು ಒತ್ತಿದೀನಿ ನೋಡು. ನಾನು ಅವತ್ತು ಆಚೆ ಹೋಗಿ ಬಾವಿ ಹತ್ರ ನಿಂತ್ಕೊಂಡು ಬಂದೆ ಕಣೇ, ಮಕ್ಕಳ ಮುಂದೆ ಅಳ್ಬಾರದು ಅಂತ. ಇಂಥ ಮಗುಗೆ ಓದೋಕೆ ಬರಲ್ಲ ಅಂತ ಹೇಳ್ತೀಯಲ್ಲ ನೀನು! ಬರೆದೋಳಿಗೆ ಓದೋಕೆ ಬರಲ್ವಾ?

ಅಳ್ತಿದೀಯಾ?

ಅಳು, ಪರವಾಗಿಲ್ಲ. ಹೆತ್ತ ಕರುಳು. ಮುಂದಿಂದು ಓದ್ಲಾ? ...ಬೇಡ್ವಾ? ಯಾಕೆ? ...ಎಲ್ಲಿ ಅಂದ್ರೆ? ಎಲ್ಲಿ ಅಂತ ಏನು ಕೇಳ್ತೀಯ, ಇಲ್ಲೇ! ಮೇಲಿನ ಸಾಲಿಂದ ಶುರು, ‘ಅಮ್ಮ ಫೋನ್ ಮಾಡೋವಾಗ’, ಇಲ್ಲಿ, ನನ್ನ ಬೆರಳ ಕೆಳಗೆ...

ನೆವೇನಾ, ನನ್ನ ಕೈ ಯಾಕೆ ಹಿಡ್ಕೊಂಡೆ?

...

ನುಣ್ಣಗಿದೆ.

ಪೆನ್ಸಿಲ್ ಒತ್ತಿ ಬರೆದ್ರೆ ಹಾಳೆ ಮೇಲೆ ಗೀರು ಇರುತ್ತೆ. ರಾಲಿತ್ಸಾ ಒತ್ತಿ ಬರೆಯೋ ಮಗು, ಕೊಕ್ಕೆ ಬರೆಯೋವಾಗ ಹಾಳೆ ಹರೀತಿದ್ಲು... ಇದು ಬೇರೆ ನೋಟ್‌ಬುಕ್ಕು. ಹೊಸದು ತಂದಿದೀಯ ನೀನು, ನನ್ನ ಪರೀಕ್ಷೆ ಮಾಡೋಕೆ! ಅಲ್ವಾ? ಹೇಳು. ಹೊಸ ನೋಟ್‌ಬುಕ್ಕು ತಾನೇ ಇದು?

ಮಾತಾಡೇ!

...ಸೂರ್ಯ ಇದೆಯಾ? ಅದನ್ನಾದ್ರೂ ಹೇಳು. ಕೆಳಗೆ ಮೂಲೇಲಿ ಸೂರ್ಯ ಇದೆಯಾ? ಈ ಪುಟದಲ್ಲಿ? ಎರಡಿದೆಯಾ? ...ಮುಂದಿಂದರಲ್ಲಿ? ಎಲ್ಲಾದರಲ್ಲೂ?

ಅಯ್ಯೋ ದೇವರೇ. ಅಯ್ಯೋ ನನ್ನ ದೇವರೇ.

ಖಾಲಿ ಹಾಳೆಗೆ ಸೂರ್ಯ ಒತ್ಕೊಂಡು ಬಂದೆನಾ ನಾನು? ಒಂದು ವರ್ಷ?

...ಮೂರು ಚಳಿಗಾಲ ಆಯ್ತು ನೆವೇನಾ. ಮೊದ್ಲು ಗಾಜಿಗೆ ಯಾರೋ ಉಸಿರು ಬಿಟ್ಟ ಹಾಗೆ ಆಯ್ತು. ಕನ್ನಡಕ ಒರೆಸಿದೆ, ಒರೆಸಿದೆ. ಆಮೇಲೆ ಮುಖದ ಮಧ್ಯಭಾಗ ಹೋಯ್ತು, ಅಂಚು ಮಾತ್ರ ಉಳೀತು. ಈಗ ಕಿಟಕಿ ಎಲ್ಲಿ, ಬಾಗಿಲು ಎಲ್ಲಿ, ಅಷ್ಟು ಗೊತ್ತಾಗುತ್ತೆ. ನೀನು ಕಪ್ಪು ಬಟ್ಟೆ ಹಾಕಿದೀಯ ಅಂತ ಗೊತ್ತಾಗುತ್ತೆ. ...ಬಿಳೀದಾ? ಸರಿ ಬಿಡು, ಅದೂ ಇಲ್ಲ. ಡಾಕ್ಟರ್ ಹತ್ರ ಹೋಗಿದ್ದೆ, ಗುಟ್ಟಾಗಿ, ದೂರದ ಊರಿಗೆ. ಇನ್ನು ಏನೂ ಮಾಡೋಕಾಗಲ್ಲ ಅಂದ. ಯಾರಿಗೆ ಹೇಳ್ಲಿ? ಹೇಳಿದ ದಿನಾನೇ ಬೀಗ. ಪುಸ್ತಕ ಪೂರ್ತಿ ನನಗೆ ಬಾಯಿಪಾಠ ಇತ್ತಲ್ಲ, ನಡೆಸಿದ್ರಾಯ್ತು ಅಂದ್ಕೊಂಡೆ. ಕೈ ತಾನಾಗೇ ಬೋರ್ಡ್ ಮೇಲೆ ಬರೆಯುತ್ತೆ. ಪುಸ್ತಕ ಹಿಡೀತೀನಿ, ಪುಟ ತಿರುಗಿಸ್ತೀನಿ, ಹೇಳ್ತೀನಿ. ಅವೂ ಹಿಡ್ಕೊಂಡು, ತಿರುಗಿಸಿ, ಹೇಳ್ತಿದ್ವು. ಎಷ್ಟು ಚೆನ್ನಾಗಿ ಓದ್ತಾವೆ ಅಂತ ನಾನು ಹಿಗ್ಗಿದೆ! ಓದೋದು ಅಂದ್ರೆ ಅದೇ ಅಂದ್ಕೊಂಡ್ವಲ್ಲ ಆ ಮಕ್ಕಳು. ಟೀಚರ್ ಹೇಗೆ ಓದ್ತಾರೋ ಹಾಗೆ.

ಬೋರ್ಡ್ ನೋಡ್ತಿದೀಯಾ? ಒಂದರ ಮೇಲೊಂದು ಬರೆದಿದೀನಾ? ...ಹೇಳ್ಬೇಡ.

ಅಕ್ಟೋಬರ್‌ನಲ್ಲಿ ಇನ್‌ಸ್ಪೆಕ್ಟರ್ ಬಂದಿದ್ರು. ಯಾವ ಕಡೆ ತಿರುಗಿ ನಮಸ್ಕಾರ ಹೇಳ್ಬೇಕೋ ತಿಳೀಲಿಲ್ಲ. ಆ ಸೆವ್ದಾ ಮೆಲ್ಲಗೆ ಬಂದು ನನ್ನ ಲಂಗ ಹಿಡ್ಕೊಂಡು ‘ಟೀಚರ್, ಅವರು ನಿಮ್ಮ ಎಡಗಡೆ ನಿಂತಿದಾರೆ’ ಅಂದ್ಲು. ಇನ್ನೊಂದ್ಸಲ ಕಾಮೆನ್ ‘ಟೀಚರ್, ಸೀಮೆಸುಣ್ಣ ನಿಮ್ಮ ಕಾಲ ಹತ್ರ ಬಿದ್ದಿದೆ, ನಾನೇ ಎತ್ಕೊಡ್ತೀನಿ’ ಅಂದ. ಎಷ್ಟು ಒಳ್ಳೇ ಮಕ್ಕಳು, ಎಷ್ಟು ವಿನಯ ಅಂತ ನಾನು ಊರಲ್ಲೆಲ್ಲ ಹೇಳ್ಕೊಂಡು ಬಂದೆ. ಪೆದ್ದಿ. ಮುದಿ ಪೆದ್ದಿ! ಅವಕ್ಕೆ ಗೊತ್ತಿತ್ತು ನೆವೇನಾ. ಎಲ್ಲಾ ಗೊತ್ತಿತ್ತು. ಬೀಗ ಬೀಳುತ್ತೆ ಅನ್ನೋದೂ ಗೊತ್ತು, ಆರು ಗಂಟೆ ಬಸ್ಸೂ ಗೊತ್ತು. ನಾಲ್ಕೂ ಸೇರ್ಕೊಂಡು ನನ್ನನ್ನ ಬಚ್ಚಿಟ್ಕೊಂಡು ಕಾದಿದಾವೆ.

ಆದ್ರೆ ಹಾಗಾದ್ರೆ... ಮಂಗಳವಾರ ಅವಳು ನನ್ನ ಮೇಜಿನ ಹತ್ರ ನಿಂತು ಓದಿದ್ದು? ನಿಂಬೆಹಣ್ಣು, ತಾತ, ಬಚ್ಚಲು ನೀರು? ಖಾಲಿ ಹಾಳೆ ಹಿಡ್ಕೊಂಡು, ನನ್ನ ಮುಖ ನೋಡ್ಕೊಂಡು, ಅಲ್ಲೇ, ಆಗಲೇ ಕಟ್ಟಿ ಹೇಳ್ತಿದ್ಲಾ? ಅಷ್ಟು ಮಾತು ಎದೇಲಿಟ್ಕೊಂಡಿರೋ ಮಗುಗೆ ಒಂದಕ್ಷರ ಕೂಡಿಸೋಕೆ ನಾನು ಕಲಿಸಿಲ್ಲ. ಅದೆಲ್ಲ ಗಾಳಿಗೆ ಹೋಯ್ತು. ನಾನು ಕೇಳಿದ್ದು ಬಿಟ್ರೆ ಎಲ್ಲೂ ಇಲ್ಲ ಅದು. ನಾನು ಮೂವತ್ತೊಂಬತ್ತು ವರ್ಷದಲ್ಲಿ ಯಾರಿಗೂ ಇಷ್ಟು ದೊಡ್ಡ ಅನ್ಯಾಯ ಮಾಡಿಲ್ಲ ಕಣೇ.

ಬೈಯೇ ನನ್ನ. ಕೈ ಬಿಡು, ಕೈ ಸವರಬೇಡ! ಎರಡು ವರ್ಷ ತಿಂದೆ ನಿನ್ನ ಮಗಳದ್ದು, ನೀನು ಅಲ್ಲಿ ಯಾರದೋ ಮನೆ ಬಚ್ಚಲಲ್ಲಿ ಅಳ್ತಿದ್ದಾಗ ನಾನು ಇಲ್ಲಿ... ಎದ್ದು ಮೇಯರ್ ಹತ್ರ ಹೋಗು. ಹೇಳು. ನನ್ನ ಕೈಲಿ ಆಗಲ್ಲ, ಬಾಯಿ ಬರಲ್ಲ. ಸೆವ್ದಾ ಏನಾಗ್ತಾಳೋ ಗೊತ್ತಿಲ್ಲ. ಅವಳಿಗೂ ಬರಲ್ಲ ಓದೋಕೆ, ಅಸೆನ್‌ಗೂ ಬರಲ್ಲ. ಕಾಮೆನ್‌ಗೆ ಸ್ವಲ್ಪ ಬರುತ್ತೆ, ಅವನಿಗೆ ಒಂದು ವರ್ಷ ನನ್ನ ಕಣ್ಣಿತ್ತು. ಪಟ್ಟಣದ ಸ್ಕೂಲಲ್ಲಿ ನಗ್ತಾರೆ ಅವನ್ನ ನೋಡಿ. ನಿನ್ನ ಮಗಳನ್ನ ನೋಡೂ ನಗ್ತಾರೆ ಅಲ್ಲಿ. ಕರ್ಕೊಂಡು ಹೋಗು. ಭಾನುವಾರದವರೆಗೆ ಕಾಯ್ಬೇಡ. ನಾಳೆನೇ ಹೋಗು.

ಒಂದು ಕೇಳ್ಲಾ? ಅವಳಿಗೆ ಬೈಬೇಡ. ನನಗೆ ಗೊತ್ತಾಯ್ತು ಅಂತಾನೂ ಹೇಳ್ಬೇಡ, ಅವಳಿಗೆ ಬೇಜಾರಾಗುತ್ತೆ.

ಚೆಂಡಿನ ಸದ್ದು ನಿಂತ್ಹೋಯ್ತು. ಕಿಟಕಿ ಕೆಳಗೆ ಬಂದು ನಿಂತಿರ್ಬೇಕು ಅವು, ಕೇಳಿಸ್ಕೊಳ್ತಾ. ಒಂದ್ಸಲ ಒಳಗೆ ಕರೀ ರಾಲಿತ್ಸಾನ, ಹೋಗೋಕೆ ಮುಂಚೆ ತಲೆ ಸವರಿ ಕಳಿಸ್ತೀನಿ...

ಬೇಡ. ತಾಳು, ಕರೀಬೇಡ.

ಬಂದ್ರೆ ಅವಳು ಮೇಜಿನ ಮೇಲಿರೋ ನೋಟ್‌ಬುಕ್ಕು ನೋಡ್ತಾಳೆ. ಅದನ್ನ ತೆಗೆದು ಮತ್ತೆ ಓದ್ತಾಳೆ. ನಾನೂ ಶಭಾಷ್ ಅಂತೀನಿ.